ಮಾವನವರ ವಿಮಾನ ಬಂದ್ ಮಾಡಿದ್ದು

ನಮ್ಮ ಮಾವನವರಷ್ಟು ಬುದ್ಧಿವಂತರು ಗೋಕಾಕ ಫಾಲ್ಸಿನಲ್ಲಿ ಇನ್ನೊಬ್ಬರಿರಲಿಲ್ಲ. ಇದು ನನ್ನ ಮಾತಲ್ಲ. ಅವರೇ ದಿನಕ್ಕೆರಡು ಸಲ ಹೇಳುತ್ತಿದ್ದರು. ಸೊಸೆಯಾದವಳು ಒಪ್ಪದೆ ಎಲ್ಲಿಗೆ ಹೋದಾಳು? ಅವರ ಕೈಗೆ ಬಗ್ಗದ ಯಂತ್ರವೇ ಭೂಮಿಯ ಮೇಲೆ ಇರಲಿಲ್ಲ. ಒಂದೇ ಒಂದು ಸಣ್ಣ ತೊಂದರೆ. ಅವರಿಗೆ ಯಂತ್ರ ಚಾಲೂ ಮಾಡಲು ಬರುತ್ತಿತ್ತು, ಬಂದ್ ಮಾಡಲು ಬರುತ್ತಿರಲಿಲ್ಲ. ಸಣ್ಣದೇ ತಾನೇ!

ಮೂವತ್ತು ವರ್ಷ ಗಿರಣಿಯಲ್ಲಿ ಫಿಟ್ಟರ್ ಆಗಿದ್ದವರು ಹೀಗೇಕೆ ಎಂದು ನೀವು ಕೇಳಬಹುದು. ನಾನೂ ಕೇಳಿದ್ದೆ. "ಅಲ್ಲೆ ಬಂದ್ ಮಾಡಾಕ ಬ್ಯಾರೆ ಮಂದಿ ಇದ್ರು," ಎಂದರು ನಮ್ಮ ಅತ್ತೆ.

ನಾನು ಮದುವೆಯಾಗಿ ಆ ಮನೆಗೆ ಬಂದಾಗ ಮಾವನವರು ಆಗಷ್ಟೇ ನಿವೃತ್ತರಾಗಿದ್ದರು. ನನ್ನ ಗಂಡ ಹುಕ್ಕೇರಿಯಲ್ಲಿ ಸಾಲಿ ಮಾಸ್ತರರು. ಶನಿವಾರ ಬಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವರು. ಹೀಗಾಗಿ ವಾರದ ಐದು ದಿನ ಮಾವನವರ ಬುದ್ಧಿವಂತಿಕೆಯನ್ನು ತಡೆದುಕೊಳ್ಳುವ ಭಾಗ್ಯ ಅತ್ತೆಯದು ಮತ್ತು ನನ್ನದು.

ಇಂಗ್ಲಿಷರು ದೇಶ ಬಿಟ್ಟು ಹೋಗುವಾಗ ಸಾಹೇಬನೊಬ್ಬ ಮಾವನವರಿಗೆ ಒಂದು ಕಟ್ಟಿಗೆಯ ಪೆಟ್ಟಿಗೆ ಕೊಟ್ಟಿದ್ದನಂತೆ. ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದಿದ್ದ ಅದನ್ನು ನಿವೃತ್ತಿಯ ಮೂರನೆಯ ದಿನವೇ ಇಳಿಸಿದರು. ಒಳಗೆ ಲಿಂಬೆಹಣ್ಣಿನಷ್ಟು ಎಂಜಿನ್ನು, ಅದಕ್ಕೊಂದು ಪಂಖಾ, ಆಟದ ವಿಮಾನ ಕಟ್ಟುವ ಹಗುರ ಕಡ್ಡಿಗಳು, ಒಂದು ಪುಸ್ತಕ. ಪುಸ್ತಕದಲ್ಲಿ ಚಾಲೂ ಮಾಡುವ ಪುಟ ಸುರಕ್ಷಿತವಾಗಿತ್ತು. ಬಂದ್ ಮಾಡುವ ಪುಟವನ್ನು ಗೆದ್ದಲು ತಿಂದಿತ್ತು. ಗೆದ್ದಲಿಗೂ ಯಜಮಾನರ ಸ್ವಭಾವ ಗೊತ್ತಿತ್ತೆಂದು ಕಾಣುತ್ತದೆ!

ಸೀಮೆಎಣ್ಣೆ, ಔಡಲೆಣ್ಣೆ, ದವಾಖಾನೆಯಿಂದ ಬೇಡಿ ತಂದ ಈಥರು ಕೂಡಿಸಿ ಕುಡಿಸಬೇಕು. ಪಂಖಾವನ್ನು ಬೆರಳಿನಿಂದ ಒಮ್ಮೆ ಜೋರಾಗಿ ತಿರುಗಿಸಬೇಕು. ಅಷ್ಟೇ. ಗುಂಡಿ ಇಲ್ಲ, ಕೀಲಿ ಇಲ್ಲ. ಮಾವನವರು ಎಂಜಿನ್ನನ್ನು ಅತ್ತೆಯ ರೊಟ್ಟಿ ಬಡಿಯುವ ಹಲಗೆಗೇ ಬಿಗಿದು ಅಡುಗೆಮನೆಯಲ್ಲಿ ತಿರುಗಿಸಿದರು. ಚಾಲೂ ಆಯಿತು ನೋಡಿ! ಸಾವಿರ ಕಣಜದ ಹುಳ ಒಂದೇ ಡಬ್ಬಿಯಲ್ಲಿ ಸಿಕ್ಕಿಬಿದ್ದ ಹಾಗೆ ಸದ್ದು. ಹಲಗೆ ತಾನೇ ತೆವಳುತ್ತ ರೊಟ್ಟಿ ಬುಟ್ಟಿಯ ಕಡೆ ಹೊರಟಿತು.

"ಬಂದ್ ಮಾಡ್ರೀ!" ಅತ್ತೆ ಕಿರುಚಿದರು.

"ಆಗತೈತಿ, ತಡಿ!"

"ಯಾವಾಗ?"

"ಎಣ್ಣಿ ತೀರಿದಾಗ!"

ಅತ್ತೆಗೆ ಅಷ್ಟು ತಾಳ್ಮೆ ಇರಲಿಲ್ಲ. ಒಲೆಯ ಪಕ್ಕದ ಹಸಿ ಅರಿವೆಯನ್ನು ಎತ್ತಿ ಪಂಖಾದ ಮೇಲೆ ಒಗೆದರು. ಎಂಜಿನ್ನು ಗಕ್ಕನೆ ನಿಂತಿತು, ಪಂಖಾ ಎರಡು ತುಂಡಾಯಿತು. "ನಿಂತತೋ ಇಲ್ಲೋ?" ಎಂದು ಅತ್ತೆ ರೊಟ್ಟಿ ತಟ್ಟಲು ಕುಳಿತರು. ಮಾವನವರು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಬೇರೆ ಪಂಖಾ ಕೆತ್ತುತ್ತಿದ್ದರು.

ಆ ಹೊಸ ಪಂಖಾ ತಿರುಗುತ್ತಿದ್ದಾಗ ಅದರ ಮುಂದಿನಿಂದ ಕೈ ಚಾಚಿ ಏನೋ ತಿರುವಲು ಹೋದರು. ತೋರುಬೆರಳಿಗೆ ಮೂರು ಹೊಲಿಗೆ. ಹೊಲಿಯುತ್ತಿದ್ದ ಕಂಪೌಂಡರ್ ಕೇಳಿದ, "ಏನ್ ಬಡೀತ್ರಿ, ಕಾಕಾ?"

"ವಿಮಾನ."

"ಅಯ್ಯ! ಮ್ಯಾಲಿಂದ ಬಿತ್ತೇನ್ರಿ?"

"ಇಲ್ಲೋ. ಅಡಗಿಮನ್ಯಾಗ."

ಕಡೆಗೆ ಬುದ್ಧಿ ಹೇಳಿದವರು ಮೂಡಲಗಿಯ ರೇಡಿಯೋ ರಿಪೇರಿ ಚಾಚಾ. ಮಾವನವರ ಹಳೆಯ ಗೆಳೆಯರು. ಎಂಜಿನ್ನನ್ನು ತಿರುಗಿಸಿ ಮುರುಗಿಸಿ ನೋಡಿ, "ಎಣ್ಣಿ ಹೋಗೂ ನಳಗಿ ಮೆತ್ತಗ ಐತಿ. ಅದರ ಗಂಟಲಾ ಹಿಚಕ್ರಿ, ತಾನ ನಿಂದರತೈತಿ," ಎಂದರು. ಇಷ್ಟೇ! ಮಾವನವರು, ನಾನೂ ಅದನ್ನೇ ಹೇಳಬೇಕೆಂದಿದ್ದೆ ಎಂದರು.

ಗೆಳೆಯರಿಬ್ಬರೂ ಸೇರಿ ಕಡ್ಡಿ ಜೋಡಿಸಿ ವಿಮಾನ ಕಟ್ಟಿದರು, ಹಳೆಯ ರೇಡಿಯೋಗಳ ಹೊಟ್ಟೆ ಬಗೆದು ಒಂದು ಪೆಟ್ಟಿಗೆ ಮಾಡಿದರು. ಬಟನ್ ಒಮ್ಮೆ ಒತ್ತಿದರೆ ವಿಮಾನ ಎಡಕ್ಕೆ, ಎರಡು ಸಲ ಒತ್ತಿದರೆ ಬಲಕ್ಕೆ, ಒತ್ತಿ ಹಿಡಿದರೆ ವಿಮಾನದೊಳಗಿನ ಚಿಮಟ ನಳಿಗೆ ಹಿಚುಕಿ ಎಂಜಿನ್ ಬಂದ್. ತಂತಿಯಿಲ್ಲದೆ, ಗಾಳಿಯಲ್ಲಿ! ಇವರು ಒತ್ತಿದಾಗಲೆಲ್ಲ ಪಕ್ಕದ ಮನೆಯ ರೇಡಿಯೋ ವಾರ್ತೆಯ ನಡುವೆ ಕಪ್ಪೆಯಂತೆ ವಟಗುಟ್ಟುತ್ತಿತ್ತು. ಹೊಸ ವಿದ್ಯೆ ಅಂದಮೇಲೆ ನೆರೆಯವರೂ ಸ್ವಲ್ಪ ತ್ಯಾಗ ಮಾಡಬೇಕಲ್ಲ!

"ಬಟನ್ ಕೈ ಕೊಟ್ರ?" ನಾನು ಅತ್ತೆಯ ಕಿವಿಯಲ್ಲಿ ಕೇಳಿದೆ. ಅತ್ತೆ ಅದನ್ನು ಜೋರಾಗಿ ಕೇಳಿದರು. ಮಾವನವರಿಗೆ ಅವಮಾನವಾಯಿತು. ಮರುದಿನ ಅವಮಾನ ಇಳಿದ ಮೇಲೆ ನನಗೇ ಕೈಯಿಂದ ಬಂದ್ ಮಾಡುವ ಪಾಠ ಶುರುವಾಯಿತು.

ಆಗಿನ ಕಾಲದಲ್ಲಿ ಮಾವ ಸೊಸೆಯೊಡನೆ ನೇರ ಮಾತಾಡುವ ಪದ್ಧತಿ ಇರಲಿಲ್ಲ. ಎಂಜಿನ್ನು ಬೊಬ್ಬೆ ಹೊಡೆಯುತ್ತಿದೆ, ನಾನು ಮೂರು ಮಾರು ದೂರದಲ್ಲಿ ಸೆರಗು ಹೊದ್ದು ನಿಂತಿದ್ದೇನೆ, ಮಾವನವರು ಅತ್ತೆಗೆ ಕೂಗುತ್ತಾರೆ: "ಆಕೀಗೆ ಹೇಳು, ಮುಂದಿಂದ ಬರಬ್ಯಾಡ ಅಂತ!"

"ಮುಂದಿಂದ ಬರಬ್ಯಾಡಂತ, ಯವ್ವಾ!"

"ತಿರಗೂ ಪಂಖಾ ಕಣ್ಣಿಗಿ ಕಾಣೂದಿಲ್ಲ ಅಂತ ಹೇಳು! ಹಿಂದಿಂದ ಬಂದು, ಎಡಗೈಲೆ ಮೈ ಒತ್ತಿ ಹಿಡದು, ಬಲಗೈಲೆ ನಳಗಿ ಹಿಚಕು ಅನ್ನು! ಸೆರಗ ಸಿಗಿಸ್ಕೊ ಅನ್ನು!"

ಅತ್ತೆ ಅಷ್ಟನ್ನೂ ಮುಟ್ಟಿಸುವಷ್ಟರಲ್ಲಿ ಎಣ್ಣೆ ತೀರಿ ಎಂಜಿನ್ನು ತಾನಾಗಿಯೇ ನಿಂತಿರುತ್ತಿತ್ತು. ನನ್ನ ಓರಗೆಯ ಸೊಸೆಯಂದಿರು ಹೋಳಿಗೆಯ ಕಣಕ ನಾದುವುದನ್ನು ಕಲಿಯುತ್ತಿದ್ದರು. ನಾನು ವಿಮಾನದ ಕತ್ತು ಹಿಚುಕುವುದನ್ನು ಕಲಿತೆ. ಹದಿನೈದು ದಿನಗಳಲ್ಲಿ ಕಣ್ಣು ಮುಚ್ಚಿಯೂ ಮಾಡಬಲ್ಲವಳಾದೆ. ಮಾವನವರು ಮಾತ್ರ, "ಇನ್ನೂ ಬರೋಬ್ಬರಿ ಆಗಿಲ್ಲ ಅಂತ ಹೇಳು," ಎಂದು ಮುಖ ತಿರುಗಿಸುವರು.

ಕೌಜಲಗಿಯಲ್ಲಿ ಚಾಚಾ ಅವರ ಅಳಿಯನ ಹೊಲ ಇತ್ತು. ಜೋಳ ಕೊಯ್ದು ನೆಲ ಬಯಲಾಗಿದ್ದ ಒಂದು ಭಾನುವಾರ ಮುಂಜಾನೆ ಎಲ್ಲರೂ ಚಕ್ಕಡಿಯಲ್ಲಿ ಹೋದೆವು. ಗಂಡನೂ ಬಂದಿದ್ದರು, ರೊಟ್ಟಿ ಗಂಟು ಕಾಯಲು. ಗುಟ್ಟಾಗಿ ಹಾರಿಸಬೇಕೆಂದು ಮಾವನವರು ಯಾರಿಗೂ ಹೇಳಿರಲಿಲ್ಲ. ಹೀಗಾಗಿ ಊರಿಗೆ ಊರೇ ಬಂದಿತ್ತು.

ಸುಳ್ಳೇಕೆ ಹೇಳಲಿ, ಹಾರಿತು! ಕಪ್ಪು ನೆಲದ ಮೇಲಿಂದ ಸರ್ರನೆ ಎದ್ದು ಬೇವಿನ ಮರ ದಾಟಿತು. ಒಮ್ಮೆ ಒತ್ತಿದರು, ಎಡಕ್ಕೆ ಹೊರಳಿತು. ಎರಡು ಸಲ ಒತ್ತಿದರು, ಬಲಕ್ಕೆ. ಮಂದಿ ಸೀಟಿ ಹೊಡೆದರು. ಮಾವನವರು ಹಲ್ಲು ಕಿಸಿಯುತ್ತ ಬಟನ್ ಒತ್ತಿ ಹಿಡಿದರು, ಬಂದ್ ಮಾಡಲು. ಬಂದ್ ಆಗಲಿಲ್ಲ. ಮತ್ತೆ ಒತ್ತಿದರು. ಊಹೂಂ. ವಿಮಾನ ಒಂದು ಸುತ್ತು ಹಾಕಿ, ತನಗೇ ಬೇಸರ ಬಂದಂತೆ ಇಳಿದು, ನೆಲದ ಮೇಲೆ ಓಡಿ, ಗಾಲಿ ನೇಗಿಲ ಸಾಲಿನಲ್ಲಿ ಸಿಕ್ಕಿ ನಿಂತಿತು. ಎಂಜಿನ್ನು ಮಾತ್ರ ಪೂರಾ ಜೋರಿನಲ್ಲಿ ಓಡುತ್ತಲೇ ಇತ್ತು.

ಅದರ ಹತ್ತಿರದಲ್ಲೇ ಒಬ್ಬ ಮುದುಕಿ ನಿಂತಿದ್ದಳು. ಆಕಾಶದಿಂದ ಇಳಿದದ್ದಕ್ಕೆ ಪೂಜೆ ಬೇಡವೇ? ಸೊಂಟದ ಚೀಲದಿಂದ ಭಂಡಾರದ ಅರಿಶಿನ ತೆಗೆದು, ವಿಮಾನದ ಮೂಗಿಗೆ ಹಚ್ಚಲು ಎದುರಿನಿಂದಲೇ ಬಾಗಿದಳು.

ಆಕೆಗೆ ಅಲ್ಲಿ ಪಂಖಾ ಕಾಣುತ್ತಲೇ ಇರಲಿಲ್ಲ.

"ಯಮ್ಮಾ, ಬ್ಯಾಡಾ!" ಎಂದು ಚಾಚಾ ಕೂಗಿದ್ದು ಆ ಸದ್ದಿನಲ್ಲಿ ಮುಳುಗಿಹೋಯಿತು. ಮಾವನವರು ಮಾತ್ರ ಎರಡೂ ಹೆಬ್ಬೆರಳುಗಳಿಂದ ಬಟನ್ ಒತ್ತುತ್ತಲೇ ಇದ್ದರು. ನಾನು ಯಾವಾಗ ಸೆರಗು ಸಿಗಿಸಿದೆನೋ, ಯಾವಾಗ ಓಡಿದೆನೋ ನೆನಪಿಲ್ಲ. ಹಿಂದಿನಿಂದ ಹೋಗಿ ಮಂಡಿಯೂರಿ, ಎಡಗೈಯಿಂದ ಮೈ ಒತ್ತಿ, ಬಲಗೈಯಿಂದ ನಳಿಗೆ ಹಿಚುಕಿದೆ. ಎಂಜಿನ್ನು ಎರಡು ಸಲ ಕೆಮ್ಮಿತು. ನಿಂತಿತು. ಪಂಖಾದಿಂದ ಮುದುಕಿಯ ಬೆರಳು ಒಂದು ಗೇಣು ದೂರವಿತ್ತು.

ಆಕೆ ಗಾಬರಿಯಾಗಲೇ ಇಲ್ಲ. "ಸುಮ್ಮನಾತು ನೋಡು, ಶಾಣ್ಯಾ," ಎಂದು ವಿಮಾನದ ಮೂಗಿಗೆ ಭಂಡಾರ ಹಚ್ಚಿ, ಉಳಿದದ್ದನ್ನು ನನ್ನ ಹಣೆಗೆ ಒರೆಸಿ ಹೋದಳು. ಮಂದಿ ನಕ್ಕರು. ನಾನೂ ನಗಲು ನೋಡಿದೆ. ನಳಿಗೆಯನ್ನು ಮಾತ್ರ ಇನ್ನೂ ಹಿಚುಕಿಯೇ ಹಿಡಿದಿದ್ದೆ.

ಅಷ್ಟರಲ್ಲಿ ಮಾವನವರು ಓಡಿ ಬಂದರು. ಪೆಟ್ಟಿಗೆಯನ್ನು ಎಲ್ಲೋ ಒಗೆದಿದ್ದರು, ಒಂದು ಕಾಲಿನ ಚಪ್ಪಲಿ ಹೊಲದಲ್ಲೇ ಉಳಿದಿತ್ತು. ವಿಮಾನವನ್ನು ತಿರುಗಿಯೂ ನೋಡಲಿಲ್ಲ. ನನ್ನೆದುರು ಕುಕ್ಕರುಗಾಲಿನಲ್ಲಿ ಕುಳಿತು ನನ್ನ ಎರಡೂ ಕೈಗಳನ್ನು ಹಿಡಿದುಕೊಂಡರು. ಎಣ್ಣೆ ಮೆತ್ತಿದ ಬೆರಳುಗಳನ್ನು ತಮ್ಮ ಧೋತರದಿಂದ ಒರೆಸಿ, ಒಂದೊಂದನ್ನೇ ಮಡಿಸಿ ಬಿಡಿಸಿ ಎಣಿಸತೊಡಗಿದರು. "ಒಂದ... ಎಡ್ಡ... ಮೂರ..." ಹತ್ತು ಬಂತು. ನಂಬಿಕೆ ಬರಲಿಲ್ಲವೇನೋ, ಮತ್ತೆ ಮೊದಲಿನಿಂದ ಎಣಿಸಿದರು. ಏಳಕ್ಕೆ ಬಂದವರು ಲೆಕ್ಕ ತಪ್ಪಿ ಮತ್ತೆ ಒಂದಕ್ಕೆ ಹೋದರು.

"ಎಲ್ಲಾ ಅದಾವ್ರಿ, ಮಾವಾರ," ಎಂದೆ.

"ಇರ್ಲಿ, ಮಗಳ. ನೋಡತೇನಿ, ತಡಿ."

ಇಡೀ ಕೌಜಲಗಿ ನೋಡುತ್ತಿತ್ತು. ತಲೆಯ ಮೇಲೆ ಸೆರಗು ಎಳೆದುಕೊಳ್ಳೋಣವೆಂದರೆ ನನ್ನ ಎರಡೂ ಕೈ ಅವರ ಹತ್ತಿರವೇ ಇದ್ದವು.