ಕಳ್ಳನ ಸೊಂಟ ಯಾರ ವ್ಯಾಪ್ತಿಗೆ?

ಊರಿನ ಪೊಲೀಸ್ ಮುಖ್ಯಸ್ಥರಿಗೂ ಕೇಂದ್ರ ಪೊಲೀಸ್ ಮುಖ್ಯಸ್ಥರಿಗೂ
(ಯಾರ ಹೆಸರು ಮೊದಲು ಬರಬೇಕೆಂಬುದು ಇನ್ನೂ ತೀರ್ಮಾನವಾಗದ ಕಾರಣ, ಇಬ್ಬರೂ ತಮ್ಮನ್ನೇ ಮೊದಲಿಗರೆಂದು ಓದಿಕೊಳ್ಳಬೇಕಾಗಿ ವಿನಂತಿ.)

ಮಾನ್ಯರೇ, ಮತ್ತು ಅಷ್ಟೇ ಮಾನ್ಯರೇ,

ತಮ್ಮಿಬ್ಬರ ಟೋಪಿಗಳು ಸದಾ ನೆಟ್ಟಗಿರಲಿ, ಜೀಪುಗಳು ಯಾರೂ ತಳ್ಳದೆಯೇ ಹೊರಡಲಿ ಎಂದು ಹಾರೈಸುತ್ತಾ, ಬಂದರಿನ ಗೋಡೆಗೆ ಅಂಟಿಕೊಂಡಿರುವ ಹೊಲಿಗೆ ಅಂಗಡಿಯ ದರ್ಜಿಯಾದ ನಾನು ಬಿನ್ನವಿಸಿಕೊಳ್ಳುವುದೇನೆಂದರೆ:

ಕಳೆದ ಸೋಮವಾರ ಬೆಳಿಗ್ಗೆ ನಾನು ಅಂಗಡಿ ತೆರೆದಾಗ ಹಿಂದಿನ ಗೋಡೆಯ ಗಾಳಿಕಿಂಡಿಯಲ್ಲಿ ಒಬ್ಬ ಕಳ್ಳ ಸಿಕ್ಕಿಹಾಕಿಕೊಂಡಿದ್ದ. ತಲೆ, ಎದೆ, ಕೈಗಳು ನನ್ನ ಇಸ್ತ್ರಿ ಮೇಜಿನ ಮೇಲೆ. ಹೊಟ್ಟೆಯಿಂದ ಕೆಳಗಿನದೆಲ್ಲ ಗೋಡೆಯಾಚೆ, ಕೇಂದ್ರ ಸರ್ಕಾರಕ್ಕೆ ಸೇರಿದ ಬಂದರಿನ ಅಂಗಳದಲ್ಲಿ. "ಅಣ್ಣಾ, ದಮ್ಮಯ್ಯ, ಪೊಲೀಸರನ್ನ ಕರೀರಿ" ಎಂದು ಅವನೇ ಅಂಗಲಾಚಿದ. ಕಾನೂನಿನ ಮೇಲೆ ಅವನಿಗಿದ್ದ ನಂಬಿಕೆ ಕಂಡು ಮೆಚ್ಚಿ ನಾನೇ ಠಾಣೆಗೆ ಓಡಿದೆ.

ಊರಿನ ಇನ್ಸ್‌ಪೆಕ್ಟರರು ಕೂಡಲೇ ಬಂದು ಅವನ ಕೈಗೆ ಕೋಳ ತೊಡಿಸಿದರು. ಎಳೆದು ಇಳಿಸಿ ಎಂದು ನಾನು ಕೇಳಿಕೊಂಡಾಗ, "ಎಳೆದರೆ ಕಾಲೂ ಬರುತ್ತೆ ಕಣ್ರೀ. ಕಾಲು ನಮ್ಮದಲ್ಲ" ಎಂದರು. ಅಷ್ಟರಲ್ಲಿ ಗೋಡೆಯಾಚೆ ಕೇಂದ್ರದ ಅಧಿಕಾರಿಗಳು ಕಾಲಿಗೆ ಸರಪಳಿ ಬಿಗಿದು, ತಾವು ಎಳೆದರೆ ಊರಿನ ತಲೆ ಬಂದುಬಿಡುತ್ತದೆಂದು ಅಲ್ಲಿಯೇ ಕೈಕಟ್ಟಿ ನಿಂತರು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕದ ಇಂಥ ಸಜ್ಜನಿಕೆಯನ್ನು ನಾನು ನನ್ನ ಒಡಹುಟ್ಟಿದವರಲ್ಲೂ ಕಂಡಿಲ್ಲ. ಆಚೆಗೊಬ್ಬ, ಈಚೆಗೊಬ್ಬ ಪೇದೆಯನ್ನು ಕಾವಲಿಟ್ಟು ತಾವು ರಾಜಧಾನಿಗೆ ಪತ್ರ ಬರೆದಿರಿ.

ಉತ್ತರ ಬರುವವರೆಗೆ ವ್ಯಾಪಾರ ನಡೆಯಬೇಕಲ್ಲ! ಹೊಸ ಪ್ಯಾಂಟು ತೊಟ್ಟು ನೋಡುತ್ತಿದ್ದ ಗಿರಾಕಿಯೊಬ್ಬರಿಗೆ ಕಳ್ಳ ಮೇಲಿನಿಂದಲೇ, "ಸೊಂಟ ಸ್ವಲ್ಪ ಸಡಿಲ ಬಿಡಿಸ್ಕೊಳ್ಳಿ ಸಾರ್, ಬಿಗಿಯಾದರೆ ಬಹಳ ಕಷ್ಟ" ಎಂದ. ನಮ್ಮ ಅತ್ತೆಯವರು ಅವನಿಗೆ ಚಹಾದಲ್ಲಿ ಬ್ರೆಡ್ಡು ಅದ್ದಿ ತಿನ್ನಿಸಿದ್ದಕ್ಕೂ ತಕರಾರು ಬಂತು. ಊರಿನ ಬಾಯಿಗಿಟ್ಟ ತುತ್ತು ಅನುಮತಿಯಿಲ್ಲದೆ ಕೇಂದ್ರದ ಹೊಟ್ಟೆಗೆ ಇಳಿಯುತ್ತಿದೆಯಂತೆ.

ಮಾರನೆಯ ದಿನ ಅವನ ತಮಾಷೆ ನಿಂತಿತು. ಮೈ ಕೆಂಡವಾಗಿತ್ತು. "ಅಮ್ಮಾ, ಕಾಲು ಇದೆಯೋ ಇಲ್ಲವೋ ಗೊತ್ತಾಗ್ತಿಲ್ಲ" ಎಂದು ಅತ್ತೆಯವರ ಸೆರಗು ಹಿಡಿದುಕೊಂಡ. ಅತ್ತೆಯವರು ನನ್ನತ್ತ ತಿರುಗಿ, "ಏನು ಅಳಿಯಂದಿರೇ, ಇದಕ್ಕೂ ಅಳತೆ ತಗೋತಾ ಕೂರ್ತೀರಾ?" ಎಂದು ಗದರಿ, ಹೊಲಿಗೆ ಯಂತ್ರದ ಎಣ್ಣೆಯನ್ನೆಲ್ಲ ಅವನ ಸೊಂಟದ ಸುತ್ತ ಸುರಿದರು. ಒಂದು ತೋಳು ನನ್ನ ಹೆಂಡತಿ ಹಿಡಿದಳು, ಇನ್ನೊಂದು ನಾನು. ಊರಿನ ಪೇದೆ "ನಾನೇನೂ ನೋಡಿಲ್ಲಪ್ಪ" ಎಂದು ಕ್ಯಾಲೆಂಡರಿನ ಕಡೆ ಮುಖ ಮಾಡಿ ನಿಂತ. ಕಳ್ಳ ಸರಪಳಿ ಸಮೇತ ಬಟ್ಟೆಗಂಟಿನ ಮೇಲೆ ಬಿದ್ದು, ತನ್ನ ಮೊಣಕಾಲುಗಳನ್ನು ತಬ್ಬಿಕೊಂಡು ಮಗುವಿನ ಹಾಗೆ ಅತ್ತ.

ಅವನ ಅಳು ನಿಲ್ಲುವ ಮೊದಲೇ ತಾವಿಬ್ಬರೂ ಒಂದೇ ಜೀಪಿನಲ್ಲಿ, ಒಬ್ಬರಿಗೊಬ್ಬರು ಜಾಗ ಬಿಟ್ಟುಕೊಟ್ಟು, ಬಂದಿರಿ. ಕೇಂದ್ರದ ಎರಡು ಕಾಲುಗಳನ್ನು ಊರೊಳಗೆ ಸಾಗಿಸಿದ ಆರೋಪ ಒಬ್ಬರದು. ಹೊರಗಿನ ಕಾಲುಗಳಿಗೆ ಆಶ್ರಯ ಕೊಟ್ಟ ಆರೋಪ ಇನ್ನೊಬ್ಬರದು. ಎರಡಕ್ಕೂ ಸೇರಿಸಿ ನನ್ನನ್ನೇ ಬಂಧಿಸಿದಿರಿ. ತಮ್ಮ ಎರಡೂ ದಳಗಳು ಒಮ್ಮತಕ್ಕೆ ಬಂದ ಮೊದಲ ಪ್ರಕರಣ ನನ್ನದೇ ಎಂದು ತಿಳಿದು ನಮ್ಮ ಮನೆಯವರಿಗೆಲ್ಲ ಹೆಮ್ಮೆಯಾಗಿದೆ.

ಆದ್ದರಿಂದ, ಇಟ್ಟಿಗೆಗೂ ಇಟ್ಟಿಗೆಗೂ ನಡುವಿನ ಗಾರೆಯನ್ನು ಕಾಯಲು ಮೂರನೆಯ ಪೊಲೀಸ್ ದಳವೊಂದನ್ನು ಕಟ್ಟಬೇಕೆಂದೂ, ಇನ್ನು ಮುಂದೆ ಕಳ್ಳರು ಗೋಡೆ ಹತ್ತುವ ಮುನ್ನ ತಮ್ಮಿಬ್ಬರಲ್ಲಿ ಒಬ್ಬರನ್ನು ಪೂರ್ತಿಯಾಗಿ ಆರಿಸಿಕೊಳ್ಳುವಂತೆ ಆಜ್ಞೆ ಹೊರಡಿಸಬೇಕೆಂದೂ ಕೈಮುಗಿದು ಬೇಡುವ,

ತಮ್ಮ ವಿಶ್ವಾಸಿ (ಇಬ್ಬರಿಗೂ ಸಮಪಾಲು),
ದರ್ಜಿ

ಮರೆತ ಮಾತು: ಅವನ ಮೇಲ್ಭಾಗದ ಕಡತವೂ ಕೆಳಭಾಗದ ಕಡತವೂ ಒಂದಕ್ಕೊಂದು ತಾಳೆಯಾಗದೆ ತಾವು ಕಳ್ಳನನ್ನು ಬಿಟ್ಟುಬಿಟ್ಟಿರಷ್ಟೆ. ನಿನ್ನೆ ನನ್ನ ಜಾಮೀನಿಗೆ ನಿಲ್ಲಲು ಬಂದವನು ಅವನೊಬ್ಬನೇ. ಕುಂಟುತ್ತಾ ಬಂದ, ಬಾಗಿಲಿನಿಂದಲೇ ಬಂದ.