ಖಾಲಿ ಬಿಡಬಾರದ ಕಾಲಂ

ಲಿಫ್ಟಣ್ಣನ ಆ ದಿನದ ಪೀಕಲಾಟಕ್ಕೆಲ್ಲ ಕಾರಣ, ಯಾರೋ ಬಾಗಿಲ ಸಂದಿಯಲ್ಲಿ ತೂರಿಸಿ ಹೋಗಿದ್ದ ಒಂದು ಹಳದಿ ಚೀಟಿ. ಸಮುದಾಯ ಕಾಲೇಜಿನವರದು. "ಸಂಜೆ ಸಂಭಾಷಣಾ ತರಗತಿ. ವಯಸ್ಸಿನ ಮಿತಿ ಇಲ್ಲ. ಇಪ್ಪತ್ತೇ ಸೀಟು. ನಿಮಗಾಗಿ ಒಂದು ಕುರ್ಚಿ ಕಾದಿದೆ!" ಎಂದು ಅದರಲ್ಲಿ ಅಚ್ಚಾಗಿತ್ತು. ಕೊನೆಯ ಸಾಲನ್ನು ಲಿಫ್ಟಣ್ಣ ನಾಲ್ಕು ಸಲ ಓದಿದ. ತನಗಾಗಿ ಏನೋ ಒಂದು ಕಾದಿದೆ ಎಂದು ಅವನಿಗೆ ಯಾರೂ ಹೇಳದೆ ವರ್ಷದ ಮೇಲಾಗಿತ್ತು.

ಇಪ್ಪತ್ತೊಂಬತ್ತು ವರ್ಷ ಅವನು ಒಂದು ಆಫೀಸು ಕಟ್ಟಡದ ಲಿಫ್ಟಿನೊಳಗೆ ಸ್ಟೂಲಿನ ಮೇಲೆ ಕೂತು ಜನರನ್ನು ಹತ್ತಿಸಿ ಇಳಿಸಿದವನು. ದಿನಕ್ಕೆ ಐನೂರು ಜನ. ಒಬ್ಬರು ಮಗಳ ಮದುವೆ ಹೇಳಿದರೆ ಇನ್ನೊಬ್ಬರು ಮ್ಯಾನೇಜರನ್ನು ಬೈಯುತ್ತಿದ್ದರು, ಐದನೇ ಮಹಡಿಯವರು ಹಲ್ಲುನೋವು ಹೇಳಿಕೊಳ್ಳುತ್ತಿದ್ದರು. ಆಮೇಲೆ ತಾನೇ ಮಾತಾಡುವ ಹೊಸ ಲಿಫ್ಟು ಬಂತು, ಇವನು ಮನೆಗೆ ಬಂದ. ಮನೆಯಲ್ಲಿ ಅಕ್ಕ ಇದ್ದಳು. ಸಾಕಿ ಬೆಳೆಸಿದವಳು, ಬೆಳಗಿನಿಂದ ಸಂಜೆಯವರೆಗೆ ಬೈಯುತ್ತಿದ್ದವಳು. ಹೋದ ವರ್ಷ ಅವಳೂ ತೀರಿಕೊಂಡಳು. ಈಗ ಒದ್ದೆ ಟವಲನ್ನು ಕುರ್ಚಿಯ ಮೇಲೆ ಎಸೆದರೂ ಕೇಳುವವರಿಲ್ಲ. ಲಿಫ್ಟಣ್ಣ ಆಗಾಗ ಬೇಕೆಂದೇ ಎಸೆದು, ಸ್ವಲ್ಪ ಹೊತ್ತು ಕಾದು, ತಾನೇ ತೆಗೆದು ಒಣಹಾಕುತ್ತಿದ್ದ.

ಚೀಟಿಯ ಹಿಂಬದಿಯಲ್ಲೇ ಅರ್ಜಿ ಇತ್ತು. ಅಂದೇ ಕೊನೆಯ ದಿನ. ಹತ್ತು ನಿಮಿಷದಲ್ಲಿ ತುಂಬಿಯೂ ಆಯಿತು. ಉಳಿದದ್ದು ಒಂದೇ ಕಾಲಂ: "ವಿದ್ಯಾರ್ಥಿಗೆ ವಿಶೇಷ ನೆರವು ಬೇಕಿದ್ದರೆ ವಿವರ ಬರೆಯಿರಿ." ಅವನಿಗೇನೂ ಬೇಕಿರಲಿಲ್ಲ, ಖಾಲಿ ಬಿಟ್ಟ. ಅಲ್ಲಿಗೆ ಸುಮ್ಮನಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಕಾಲೇಜು ಸೇರುವಂಥ ದೊಡ್ಡ ಸುದ್ದಿಯನ್ನು ಯಾರಿಗಾದರೂ ಹೇಳಬೇಡವೇ? ಎದುರು ಮನೆಯ ಗುಮಾಸ್ತರ ಬಾಗಿಲು ತಟ್ಟಿದ.

ಗುಮಾಸ್ತರು ನಿವೃತ್ತರಾಗಿ ಏಳು ವರ್ಷವಾಗಿದ್ದರೂ ಅರ್ಜಿ ಕಂಡರೆ ಬೆಲ್ಲ ಕಂಡ ಇರುವೆಯಂತಾಗುತ್ತಿದ್ದರು. ಕನ್ನಡಕ ಏರಿಸಿ ಓದಿ, ಹೌಹಾರಿದರು.

"ಏನಯ್ಯಾ ಇದು! ಕಾಲಂ ಖಾಲಿ ಬಿಟ್ಟಿದ್ದೀಯಾ?"

"ನನಗೇನೂ ಬೇಕಾಗಿಲ್ವಲ್ಲ ಸಾರ್."

"ಬೇಕಾಗಿಲ್ಲ ಅಂದೋರಿಗೆ ಯಾರು ಕೊಡ್ತಾರೆ? ಇಪ್ಪತ್ತು ಸೀಟು, ಇನ್ನೂರು ಅರ್ಜಿ. ಓದಿದೋರ ಕರುಳು ಚುರುಕ್ ಅನ್ನಬೇಕು. ಬಾ, ಕೂತ್ಕೋ."

ಕೂತ್ಕೋ! ಲಿಫ್ಟಣ್ಣನಿಗೆ ಎದೆ ತುಂಬಿ ಬಂತು. ಗುಮಾಸ್ತರ ಹೆಂಡತಿ ಟೀ ತಂದಿಟ್ಟರು. ಗುಮಾಸ್ತರು ಪೆನ್ನಿನ ಮುಚ್ಚಳ ತೆಗೆದು, "ಎರಡೂ ಮಂಡಿ ನೋವು, ಮೆಟ್ಟಿಲು ಹತ್ತಲಾಗದು" ಎಂದು ಗುಂಡಗೆ ಬರೆದರು.

"ನನ್ನ ಮಂಡಿ ಚೆನ್ನಾಗೇ ಇದೆ ಸಾರ್."

"ಇಷ್ಟು ವರ್ಷ ಲಿಫ್ಟಲ್ಲೇ ಓಡಾಡಿದ್ದೀಯ. ಮೆಟ್ಟಿಲು ಹತ್ತಿ ನೋಡಿದ್ದೀಯಾ? ಮತ್ತೆ?"

ಕಾಯಿಲೆಯ ವಿಷಯ ಅಂದಮೇಲೆ ತಿಳಿದವರನ್ನು ಕೇಳಬೇಕೆಂದು ಕೆಳಗಿನ ಮನೆಯ ಕಾಂಪೌಂಡರನನ್ನು ಕೂಗಿ ಕರೆದರು. ಡಾಕ್ಟರಿಲ್ಲದಾಗ ತಾನೇ ಡಾಕ್ಟರೆಂದು ನಂಬಿದ್ದ ಅವನು ಮೂರು ಮೆಟ್ಟಿಲಿಗೊಂದು ಹೆಜ್ಜೆ ಇಟ್ಟು ಹಾರಿ ಬಂದ.

"ಬರೀ ಮಂಡಿ ಸಾಲದು ಸಾರ್, ಮಂಡಿ ಎಲ್ಲರಿಗೂ ಇರತ್ತೆ. ಎಡಗಿವಿ ಮಂದ ಅಂತ ಹಾಕಿ. ಆಗಾಗ ತಲೆಸುತ್ತು. ಜನ ಜಾಸ್ತಿ ಇದ್ದರೆ ಉಬ್ಬಸ."

"ಅಯ್ಯೋ, ಜನ ಇದ್ದರೇನೇ ನಾನು ಚೆನ್ನಾಗಿರೋದು ಕಣಪ್ಪಾ!"

"ಅಣ್ಣಾ, ನಿನಗೆ ಸೀಟು ಬೇಕೋ ಬೇಡವೋ?"

ಬೇಕಿತ್ತು. ಅದಕ್ಕಿಂತ ಹೆಚ್ಚಾಗಿ, ಇಬ್ಬರು ತನ್ನ ಬಗ್ಗೆಯೇ ಒಂದು ಗಂಟೆಯಿಂದ ಜಗಳವಾಡುತ್ತಿದ್ದಾರೆ ಎಂಬ ಸುಖ ಲಿಫ್ಟಣ್ಣನಿಗೆ ಹೊಸದು. ಒಂದೊಂದು ಕಾಯಿಲೆಗೂ ಹತ್ತು ಹತ್ತು ನಿಮಿಷ ಮಾತು ಬೆಳೆಯುತ್ತಿತ್ತು. ಕೊನೆಕೊನೆಗೆ ಅವನೇ, "ಸೊಂಟದ್ದೂ ಒಂದು ಹಾಕೋಣವಾ ಸಾರ್?" ಎಂದ. ಕಾಲಂ ತುಂಬಿ ಅಂಚಿಗೆ ಹರಿದು, ಕಾಗದ ತಿರುಗಿಸಿ ಓದುವಷ್ಟಾಯಿತು.

"ನಾನೂ ಬರ್ತೀನಿ. ಇಷ್ಟು ಕಾಯಿಲೆಯೋನು ಒಬ್ಬನೇ ಹೋದರೆ ಯಾರು ನಂಬ್ತಾರೆ?" ಎಂದು ಕಾಂಪೌಂಡರ್ ಚಪ್ಪಲಿ ಮೆಟ್ಟಿದ.

ಕಾಲೇಜಿನ ಮುಂದೆ ಉದ್ದನೆಯ ಸಾಲು. ಲಿಫ್ಟಣ್ಣ ಬಾಲಕ್ಕೆ ಹೋಗಿ ನಿಂತ. ಮುಂದೆ ನಿಂತಿದ್ದ ಟೈಲರಮ್ಮ, "ಸ್ವಲ್ಪ ಈ ಕೊಡೆ ಹಿಡ್ಕೊಳ್ತೀರಾ? ಫೋಟೋ ಹುಡುಕಬೇಕು" ಎಂದಳು. ಹಿಂದಿದ್ದ ಬಸ್ ಡ್ರೈವರು, "ನಾನು ಹಾರನ್ ಹೊಡೆದೂ ಹೊಡೆದೂ ಮಾತೇ ಮರೆತುಬಿಟ್ಟಿದ್ದೀನಿ" ಎಂದ. ಮೂವರೂ ನಕ್ಕರು. ಐದೇ ನಿಮಿಷಕ್ಕೆ ಲಿಫ್ಟಣ್ಣ ಕೊಡೆಯನ್ನು ಮಗುವಿನಂತೆ ಎದೆಗೊತ್ತಿಕೊಂಡು, ತನ್ನ ಐದನೇ ಮಹಡಿಯ ಹಲ್ಲುನೋವಿನ ಕತೆ ಶುರುಮಾಡಿದ್ದ. ಕತೆ ಇನ್ನೂ ಮೂರನೇ ಮಹಡಿ ದಾಟಿರಲಿಲ್ಲ, ಕಾಂಪೌಂಡರ್ ಬಂದು ರಟ್ಟೆ ಹಿಡಿದ.

"ದಾರಿ ಬಿಡಿ, ಪೇಷಂಟು! ಅಣ್ಣಾ, ಕುಂಟು."

"ನಾನಿಲ್ಲೇ ಚೆನ್ನಾಗಿದ್ದೀನಿ ಕಣಪ್ಪಾ..."

"ಯಾವ ಕಾಲಲ್ಲಾದರೂ ಸರಿ, ಕುಂಟು!"

ಟೈಲರಮ್ಮ ಅಯ್ಯೋ ಪಾಪ ಅನ್ನುತ್ತಾ ಕೊಡೆ ವಾಪಸು ತೆಗೆದುಕೊಂಡಳು. ಲಿಫ್ಟಣ್ಣ ಮೊದಲು ಬಲಗಾಲಲ್ಲಿ, ಮರೆತು ಆಮೇಲೆ ಎಡಗಾಲಲ್ಲಿ ಕುಂಟುತ್ತ ಕೌಂಟರು ಸೇರಿದ. ಅಲ್ಲಿದ್ದ ಅಡ್ಮಿಷನ್ ಮೇಡಂ ಏನೋ ಕೇಳಿದರು. ಉತ್ತರ ಹೇಳಲು ಬಾಯಿ ತೆರೆದಾಗ ಕಾಂಪೌಂಡರ್ ಜಿಗುಟಿ, "ಎಡಗಿವಿ!" ಎಂದು ಪಿಸುಗುಟ್ಟಿದ. ಲಿಫ್ಟಣ್ಣ ಬಾಯಿ ಮುಚ್ಚಿಕೊಂಡ.

ಮೇಡಂ ಅರ್ಜಿಯನ್ನು ನೆಟ್ಟಗೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಹಿಡಿದು ಓದಿದರು. ಗುಮಾಸ್ತರು ಹೇಳಿದಂತೆಯೇ ಅವರ ಕರುಳು ಚುರುಕ್ ಎಂದಿತು. ಕಣ್ಣು ಒರೆಸಿಕೊಂಡು, ಠಸ್ಸೆ ಎತ್ತಿ ಟಪ್ಪೆಂದು ಒತ್ತಿದರು.

"ಅಡ್ಮಿಷನ್ ಆಯ್ತು!" ಕಾಂಪೌಂಡರ್ ಚಪ್ಪಾಳೆ ತಟ್ಟಿದ.

"ನನ್ನ ಕುರ್ಚಿ ಯಾವ ರೂಮಲ್ಲಿದೆ ಮೇಡಂ?" ಲಿಫ್ಟಣ್ಣ ಕೌಂಟರಿನೊಳಗೆ ಕತ್ತು ಚಾಚಿ ಕೇಳಿದ.

ಮೇಡಂ ಅವನ ಬಲಗಿವಿಯ ಕಡೆ ಬಾಗಿ ಕೂಗಿ ಹೇಳಿದರು: "ನೀವು ಬರೋದೇ ಬೇಡ! ಜನರ ಮಧ್ಯೆ ನಿಮಗೆ ಉಬ್ಬಸ ಅಲ್ವಾ? ನಿಮ್ಮನ್ನ ಮನೆಪಾಠದ ವಿಭಾಗಕ್ಕೆ ಹಾಕಿದ್ದೀನಿ. ಪುಸ್ತಕ ಕೊಡ್ತೀವಿ, ಆರಾಮಾಗಿ ಮನೇಲೇ ಒಬ್ಬರೇ ಕೂತು ಸಂಭಾಷಣೆ ಕಲೀರಿ."

ಲಿಫ್ಟಣ್ಣ ಎರಡೂ ಕೈಯಲ್ಲಿ ಕೌಂಟರು ಹಿಡಿದುಕೊಂಡ. "ಇಲ್ಲಾ ಮೇಡಂ! ನನಗೇನೂ ಆಗಿಲ್ಲ! ಎಲ್ಲಾ ಸುಳ್ಳು!"

"ಎಂಥ ಧೈರ್ಯ ಇವರದ್ದು!" ಎಂದು ಮೇಡಂ ಪಕ್ಕದವರಿಗೆ ಹೇಳಿದರು.

"ನೋಡಿ ಬೇಕಾದರೆ!" ಎಂದು ಲಿಫ್ಟಣ್ಣ ಮಂಡಿ ತೋರಿಸಲು ಮೂರು ಸಲ ಕುಪ್ಪಳಿಸಿದ. ಮಾಡಿದ್ದು ತಪ್ಪಾಯಿತು. "ತಲೆಸುತ್ತು ಬಂತು, ಹಿಡ್ಕೊಳ್ಳಿ!" ಎಂದು ಯಾರೋ ಕಿರುಚಿದರು. ನಾಲ್ಕು ಜನ ಸೇರಿ ಅವನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಗಾಳಿ ಬೀಸಿದರು. ಕಾಲೇಜಿನಲ್ಲಿ ಅವನಿಗೆ ಸಿಕ್ಕ ಕುರ್ಚಿ ಅದೊಂದೇ.

ಅಷ್ಟರಲ್ಲಿ ಮೇಡಂ ಕಾಂಪೌಂಡರನನ್ನು ನೋಡಿದರು. "ಇವರ ಪಾಲಿನ ಸೀಟು ಉಳೀತು. ನೀವು ಗಟ್ಟಿಮುಟ್ಟಾಗಿದ್ದೀರಿ, ಮಾತೂ ಚೆನ್ನಾಗಿ ಬರತ್ತೆ. ಸೇರ್ತೀರಾ?"

ಕಾಂಪೌಂಡರ್ ಅಲ್ಲೇ ಅರ್ಜಿ ತುಂಬಿದ. ವಿಶೇಷ ನೆರವಿನ ಕಾಲಂ ಖಾಲಿ ಬಿಟ್ಟ.

ದಾರಿಯುದ್ದಕ್ಕೂ ಅವನದೇ ಮಾತು. "ನಿನ್ನ ಪುಣ್ಯ ಅಣ್ಣಾ, ಓಡಾಟವೇ ಇಲ್ಲ. ನನಗೆ ನೋಡು, ವಾರಕ್ಕೆ ಐದು ಸಂಜೆ ಹೋಯ್ತು. ಆ ಟೈಲರಮ್ಮ, ಡ್ರೈವರು ಎಲ್ಲಾ ನನ್ನ ಕ್ಲಾಸೇ ಅಂತೆ!" ಎಂದು ಹೇಳಿ ತನ್ನ ಮನೆಯೊಳಗೆ ಹೋದ. ಗುಮಾಸ್ತರ ಬಾಗಿಲು ಹಾಕಿತ್ತು. ಅವರ ಕೆಲಸ ಅರ್ಜಿಯ ಜೊತೆಗೇ ಮುಗಿದಿತ್ತು.

ಲಿಫ್ಟಣ್ಣ ದೀಪ ಹಾಕಿ, ಮೇಜಿನ ಮುಂದೆ ಕೂತು, ಹೊಸ ಪುಸ್ತಕ ಬಿಚ್ಚಿದ. ಎಷ್ಟಾದರೂ ವಿದ್ಯಾರ್ಥಿ. ಬೇಜಾರಾಗಿತ್ತು, ಆದರೂ ಮೊದಲ ಪಾಠವನ್ನು ಜೋರಾಗಿಯೇ ಓದಿದ: "ನಿಮ್ಮ ಬಲಗಡೆ ಕುಳಿತಿರುವ ಸಹಪಾಠಿಯ ಕಡೆ ತಿರುಗಿ, ನಗುಮುಖದಿಂದ ಅವರ ಕ್ಷೇಮಸಮಾಚಾರ ವಿಚಾರಿಸಿರಿ."

ಬಲಗಡೆ ಅಕ್ಕನ ಕುರ್ಚಿ ಇತ್ತು. ಅದರ ಮೇಲೆ ಬೆಳಿಗ್ಗೆ ಎಸೆದಿದ್ದ ಟವಲು ಹಾಗೇ ಬಿದ್ದಿತ್ತು. ಲಿಫ್ಟಣ್ಣ ಟವಲು ತೆಗೆದು ಮಡಚಿಟ್ಟು, ಅಂಗಿಯ ಗುಂಡಿ ಸರಿಮಾಡಿಕೊಂಡು, ಆ ಕಡೆ ತಿರುಗಿ ನಕ್ಕ.

"ಚೆನ್ನಾಗಿದ್ದೀಯಾ?"

ಸ್ವಲ್ಪ ಹೊತ್ತು ಕಾದು, ಪುಸ್ತಕದ ಮುಂದಿನ ಸಾಲಿನ ಮೇಲೆ ಬೆರಳಿಟ್ಟ. ಅಲ್ಲಿ ದಪ್ಪಕ್ಷರದಲ್ಲಿ ಹೀಗಿತ್ತು: "ಉತ್ತರ ಬರುವವರೆಗೆ ಎರಡನೆಯ ಪಾಠಕ್ಕೆ ಹೋಗಬಾರದು."