ಮೂರಡಿ ಉತ್ತರಕ್ಕೆ

2024ನೇ ಇಸವಿ ಜೂನ್ 10, ಸೋಮವಾರ ಬೆಳಗ್ಗೆ ಹನ್ನೊಂದು ಗಂಟೆಗೆ ‘ನಡುಗಡ್ಡೆ’ ಆಟದ ಹೊಸ ಅಪ್‌ಡೇಟ್ ಬಿಡುಗಡೆಯಾಗಬೇಕಿತ್ತು, ಆಗಲಿಲ್ಲ.

ತುಮಕೂರಿನ ಸದಾಶಿವನಗರದಲ್ಲಿ ಮಹಡಿ ಮೇಲಿನ ಮೂರು ಕೋಣೆಯ ಕಂಪನಿಯೊಂದು ನಡೆಸುವ ಆನ್‌ಲೈನ್ ಆಟ ಅದು. ಆಡುವವರು ಬರಿಗೈಯಲ್ಲಿ ಬಂದು ನಡುಗಡ್ಡೆಗೆ ಬೀಳುತ್ತಾರೆ. ನೀರು ಹುಡುಕಬೇಕು, ಗುಡಿಸಲು ಕಟ್ಟಬೇಕು, ಕರಡಿಯಿಂದಲೂ ಪರಸ್ಪರರಿಂದಲೂ ತಪ್ಪಿಸಿಕೊಂಡು ಬದುಕಬೇಕು. ಹೆಚ್ಚಿನವರು ಗುಬ್ಬಿ, ಕುಣಿಗಲ್ ಕಡೆಯವರಾದ್ದರಿಂದ ಗುಡಿಸಲಿಗೂ ಮುಂಚೆ ಬೇಲಿ ಹಾಕಿಕೊಂಡಿದ್ದರು.

ಅಪ್‌ಡೇಟ್ ಬರೆದವಳು ಬಿಂದುಶ್ರೀ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ., ತಾತ್ಕಾಲಿಕ ನೌಕರಿ. ಅಪ್‌ಡೇಟ್ ಬಿಡುಗಡೆಯಾದ ದಿನ ಕೆಲಸ ಕಾಯಂ ಎಂದು ನೇಮಕಾತಿ ಪತ್ರದಲ್ಲೇ ಇತ್ತು. ದಕ್ಷಿಣಕ್ಕೆ ಹೊಸ ಕಾಡು ಸೇರಿಸಲು ಜಾಗ ಸಾಲದೆ ಅವಳು ಆಟದೊಳಗಿನ ಇಡೀ ಊರನ್ನು ಸ್ವಲ್ಪ ಸರಿಸಿದ್ದಳು. ಪ್ರಾಮಾಣಿಕಳಾದ್ದರಿಂದ ಪ್ರಕಟಣೆಯ ಕೊನೆಗೆ ಒಂದು ಸಾಲು ಸೇರಿಸಿದಳು: ‘ಎಲ್ಲ ಬೇಲಿಗಳೂ ಮೂರಡಿ ಉತ್ತರಕ್ಕೆ ಸರಿಯುತ್ತವೆ.’

ಹತ್ತೂ ಐವತ್ತಕ್ಕೆ ಫೋನ್ ಬಂತು. ಕೊತ್ತಗೆರೆಯ ಸಿದ್ದಗಂಗಮ್ಮ, ಆಟದಲ್ಲಿ ಇನ್ನೂರು ದಿನ ಸಾಯದೆ ಉಳಿದ ಹೆಂಗಸು.

“ನಂದು ಮೂರಡಿ ಯಾರಿಗ್ ಕೊಟ್ರವ್ವಾ?”

ಎಲ್ಲರ ಬೇಲಿಯೂ ಒಟ್ಟಿಗೇ ಸರಿಯುವುದರಿಂದ ಯಾರಿಗೂ ಒಂದಂಗುಲ ನಷ್ಟವಿಲ್ಲ ಎಂದು ಬಿಂದುಶ್ರೀ ವಿವರಿಸಿದಳು.

“ಎಲ್ರುದೂ ಸರ್ಕಂಡ್ರೆ, ತುದೀಲಿರೋನ್ದು ಎಲ್ಲಿಗೋಯ್ತದೆ? ಸಮುದ್ರುಕ್ಕಾ?”

ಬಿಂದುಶ್ರೀ ನಕ್ಷೆ ತೆರೆದು ನೋಡಿದಳು. ಸಮುದ್ರಕ್ಕೇ ಹೋಗುತ್ತಿತ್ತು. ತುದಿಯಲ್ಲಿದ್ದವರು ಗುಬ್ಬಿಯ ನಿವೃತ್ತ ಮೇಷ್ಟ್ರು ವೀರಭದ್ರಯ್ಯ. ಆಟದಲ್ಲಿ ಅವರೊಂದಿಗೆ ಮಾತು ಬಿಟ್ಟಿದ್ದ ಸಿದ್ದಗಂಗಮ್ಮನೇ ಅವರಿಗೆ ಫೋನ್ ಮಾಡಿ ತಿಳಿಸಿದರು.

ಕಂಪನಿಯ ಯಜಮಾನ ರಘುನಂದನ ನ್ಯಾಯವಂತ. ಹನ್ನೊಂದಕ್ಕೆ ಬಿಡುಗಡೆ ತಡೆದು, ಮಧ್ಯಾಹ್ನಕ್ಕೆ ಪ್ರಕಟಣೆ ಹೊರಡಿಸಿದ:

‘ನಡುಗಡ್ಡೆಯ ಸಮಸ್ತ ನಿವಾಸಿಗಳ ಗಮನಕ್ಕೆ. ಅಪ್‌ಡೇಟ್ ಕುರಿತು ತಂಟೆ ತಕರಾರು ಇದ್ದಲ್ಲಿ ಮೂವತ್ತು ದಿನಗಳೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ತಕರಾರು ಬಂದಲ್ಲಿ, ಅದು ಇತ್ಯರ್ಥವಾದ ದಿನದಿಂದ ಮೂವತ್ತು ದಿನಗಳನ್ನು ಹೊಸದಾಗಿ ಎಣಿಸತಕ್ಕದ್ದು. ಕರಡಿಗಳ ಪರವಾಗಿ ಸಲ್ಲಿಸುವ ತಕರಾರುಗಳನ್ನು ಪರಿಗಣಿಸಲಾಗುವುದಿಲ್ಲ.’

ಇಮೇಲ್ ಮಾಡಿದರೆ ಸಾಕಿತ್ತು. ಆದರೆ ಇಮೇಲಿಗೆ ಸೀಲು ಬೀಳುವುದಿಲ್ಲವಾದ್ದರಿಂದ ಜನ ಬಸ್ಸು ಹತ್ತಿ ಬಂದರು. ಹೊರಗೆ ಬೆಂಚು ಹಾಕಿಸಲಾಯಿತು.

ಅಳತೆಗೆ ಕೆಳಗಿನ ಮನೆಯ ನಿವೃತ್ತ ಸರ್ವೇಯರ್ ಲಕ್ಷ್ಮೀನರಸಿಂಹಯ್ಯನವರನ್ನು ಒಪ್ಪಿಸಲಾಯಿತು. ಅವರು ಮೌಸು ಹಿಡಿದವರಲ್ಲ, ಸರಪಳಿ ಬೇಕೆಂದರು. ಆಟಕ್ಕೆ ಸರಪಳಿ ಸೇರಿಸುವುದೂ ಅಪ್‌ಡೇಟೇ ಆದ್ದರಿಂದ ಅದಕ್ಕೂ ಮೂವತ್ತು ದಿನ ಕಾಯಲಾಯಿತು. ಅಳತೆಯ ವೇಳೆ ಸರ್ವೇಯರರನ್ನು ಎರಡು ಸಲ ಕರಡಿ ತಿಂದಿತು. ಎರಡನ್ನೂ ಕರ್ತವ್ಯದ ಮೇಲಿನ ಸಾವೆಂದು ದಾಖಲಿಸಿ ಅವರಿಗೆ ತಲಾ ಅರ್ಧ ದಿನ ರಜೆ ಕೊಡಲಾಯಿತು. ಸಿದ್ದಗಂಗಮ್ಮನವರ ಚಕ್ಕುಬಂದಿಯನ್ನು ಅವರು ಹೀಗೆ ಬರೆದರು: ‘ಪೂರ್ವಕ್ಕೆ ಕರಡಿ ಗುಹೆ, ಪಶ್ಚಿಮಕ್ಕೆ ಸದರಿ ಕರಡಿ ಓಡಾಡುವ ದಾರಿ.’

ಆಡುವವರು ಬೇಟೆ ಬಿಟ್ಟು ತಂತಮ್ಮ ಬೇಲಿ ಕಾಯತೊಡಗಿದರು. ಯಾರೂ ಕಾಡಿಗೆ ಹೋಗದ ಕಾರಣ ಸಾವು ಕಡಿಮೆಯಾಯಿತು. ಇದನ್ನು ಕಂಪನಿ ವಾರ್ಷಿಕ ಸಾಧನೆಯಲ್ಲಿ ಸೇರಿಸಿತು.

ಡಿಸೆಂಬರಿನಲ್ಲಿ ರಘುನಂದನ ತಕರಾರು ಶಾಖೆ ತೆರೆದು ಬಿಂದುಶ್ರೀಯನ್ನು ಅದರ ಅಧಿಕಾರಿ ಮಾಡಿದ. ಹಳೆಯ ನೇಮಕಾತಿ ಪತ್ರ ರದ್ದಾಯಿತು. ಹೊಸದರಲ್ಲಿ ‘ಶಾಖೆ ಇರುವವರೆಗೆ ಕಾಯಂ’ ಎಂದಿತ್ತು. ಅವಳು ಎರಡು ಸಲ ಓದಿದಳು.

“ಅಪ್‌ಡೇಟ್ ಬಿಟ್ಮೇಲೆ, ಸರ್?”

“ಆಮೇಲೆ ತಕರಾರೇ ಇರಲ್ವಲ್ಲಮ್ಮ, ಶಾಖೆ ಯಾಕೆ?” ಎಂದ ರಘುನಂದನ, ಸಮಾಧಾನ ಮಾಡುವ ದನಿಯಲ್ಲಿ.

ಆದರೂ ಅವಳು ಕ್ರಮಬದ್ಧವಾಗಿ ಕೆಲಸ ಮಾಡುವವಳು. ಅದೇ ಅವಳಿಗೆ ಮುಳುವಾಯಿತು. ಅರ್ಜಿಗಳು ಒಂದೊಂದಾಗಿ ಇತ್ಯರ್ಥವಾದವು. ವೀರಭದ್ರಯ್ಯನವರಿಗಾಗಿ ಸಮುದ್ರವನ್ನೇ ಮೂರಡಿ ಹಿಂದಕ್ಕೆ ಹಾಕಲಾಯಿತು. ಸಮುದ್ರದಿಂದ ತಕರಾರು ಬರಲಿಲ್ಲ. 2025ರ ಆಗಸ್ಟ್ 20ಕ್ಕೆ ಕೊನೆಯ ಅರ್ಜಿಯೂ ಮುಗಿಯಿತು. ಸೆಪ್ಟೆಂಬರ್ 19, ಶುಕ್ರವಾರ ಸಂಜೆ ಐದಕ್ಕೆ ಮೂವತ್ತು ದಿನ ತುಂಬಿ ಅಪ್‌ಡೇಟ್ ಬಿಡುಗಡೆ. ಶನಿವಾರದಿಂದ ಬಿಂದುಶ್ರೀಗೆ ಕೆಲಸವಿಲ್ಲ.

ಬಿಡುಗಡೆ ನೋಡಲು ಸಿದ್ದಗಂಗಮ್ಮ, ವೀರಭದ್ರಯ್ಯ ಬಂದು ಬೆಂಚಿನ ಎರಡು ತುದಿಯಲ್ಲಿ ಕೂತರು. ಮೂರು ಗಂಟೆಗೆ ಬಿಂದುಶ್ರೀ ಮೊದಲ ಬಾರಿಗೆ ಆಡುವವಳಾಗಿ ನಡುಗಡ್ಡೆಗೆ ಇಳಿದಳು. ಹಳ್ಳದ ದಂಡೆಯಲ್ಲಿ ನಾಲ್ಕು ಗೂಟ ನೆಟ್ಟು ಬೇಲಿ ಹಾಕಿದಳು. ನಾಲ್ಕೂ ಮುಕ್ಕಾಲಿಗೆ ತಕರಾರು ಅಧಿಕಾರಿಯವರಿಗೆ, ಅಂದರೆ ತನಗೇ, ಅರ್ಜಿ ಬರೆದಳು. ಸ್ವೀಕರಿಸಿ, ಸೀಲು ಹಾಕಿ, ತನಗೇ ಹಿಂಬರಹ ಕೊಟ್ಟಳು.

ಲಕ್ಷ್ಮೀನರಸಿಂಹಯ್ಯ ಕನ್ನಡಕ ಹಾಕಿಕೊಂಡು ಓದಿ, ಚಕ್ಕುಬಂದಿ ಸರಿಯಾಗಿದೆ ಎಂದರು. ರಘುನಂದನ ಬಿಡುಗಡೆಯ ಗುಂಡಿಯ ಮೇಲಿದ್ದ ಬೆರಳು ತೆಗೆದ. ನಿಯಮ ಅವನದೇ ಆಗಿತ್ತು.

ಬಿಂದುಶ್ರೀ ಬೆಂಚಿನ ಕಡೆ ನೋಡಲಿಲ್ಲ. ಸಿದ್ದಗಂಗಮ್ಮ ತಾವೇ ಎದ್ದು ಬಂದು ಅರ್ಜಿ ನೋಡಿದರು.

“ಬುಡ್‌ಬ್ಯಾಡ ಕಣವ್ವ. ನಿಂದೂ ಮೂರಡಿನೇ ಅಲ್ವಾ.”

ವೀರಭದ್ರಯ್ಯ ತಲೆಯಾಡಿಸಿದರು. ಎಲ್ಲರೂ ಕಾಫಿ ಕುಡಿದರು. ಸೋಮವಾರ ಸ್ಥಳ ಪರಿಶೀಲನೆಯೆಂದು ನಿಗದಿಯಾಯಿತು. ತಕರಾರಿನ ಸಂಖ್ಯೆ 1,319.